ಇರುವೆಯ ಶಿಲೀಂಧ್ರ, ಆಟದ ಪಾತ್ರ



ಮಳೆಗಾಲದಲ್ಲಿ ಕೊಳೆತ ಮರದ ದಿಮ್ಮಿಯ ಮೇಲೆ ರಾತ್ರೋರಾತ್ರಿ ಏಳುವ ನಾಯಿಕೊಡೆ ಎಲ್ಲರಿಗೂ ಪರಿಚಿತ. ಆದರೆ ಅದು ಎದ್ದು ನಡೆದದ್ದನ್ನು ಯಾರೂ ಕಂಡಿಲ್ಲ. ಗಿಡಕ್ಕಾಗಲಿ ಶಿಲೀಂಧ್ರಕ್ಕಾಗಲಿ ಕೈಕಾಲಿಲ್ಲ, ಮುಖವಿಲ್ಲ. ಇಂಥ ಜೀವಿಯನ್ನು ವಿಡಿಯೋ ಗೇಮಿನ ಪಾತ್ರವಾಗಿಸುವುದು ಹೇಗೆ? ಅನಿಮೇಷನ್ ಕಲಾವಿದರ ಮುಂದಿರುವ ಪ್ರಶ್ನೆ ಇದು.

1985ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆ ಹೊರತಂದ 'ಸೂಪರ್ ಮಾರಿಯೊ ಬ್ರದರ್ಸ್'ನಲ್ಲಿ ಇದಕ್ಕೆ ಸರಳ ಉತ್ತರವಿತ್ತು. ಕೊಳವೆಯಿಂದ ಮೇಲೆದ್ದು ಬಾಯಿ ತೆರೆದು ಮುಚ್ಚುವ ಗಿಡ. ಸಿಕ್ಕೊಡನೆ ನಾಯಕನನ್ನು ದೊಡ್ಡವನನ್ನಾಗಿ ಮಾಡುವ ಅಣಬೆ. ಅಲ್ಲಿ ಜೀವಶಾಸ್ತ್ರಕ್ಕಿಂತ ವಿನೋದವೇ ಮುಖ್ಯ. ಹಾಗೆಂದು ಬಾಯಿ ಮುಚ್ಚುವ ಗಿಡ ನಿಸರ್ಗದಲ್ಲಿ ಇಲ್ಲದಿಲ್ಲ. ಅಮೆರಿಕದ ಕ್ಯಾರೊಲಿನಾ ಪ್ರಾಂತ್ಯಗಳ ವೀನಸ್ ಫ್ಲೈಟ್ರ್ಯಾಪ್ ಗಿಡದ ಎಲೆಯ ರೋಮಗಳನ್ನು ಕೀಟವೊಂದು ಸುಮಾರು 20 ಸೆಕೆಂಡುಗಳೊಳಗೆ ಎರಡು ಸಲ ಮುಟ್ಟಿದರೆ ಎಲೆ ಥಟ್ಟನೆ ಮುಚ್ಚಿಕೊಳ್ಳುತ್ತದೆ.

1996ರ 'ಪೋಕೆಮಾನ್' ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅದರ ನಿರ್ಮಾತೃ ಸತೋಷಿ ತಾಜಿರಿ ಬಾಲ್ಯದಲ್ಲಿ ಕೀಟ ಸಂಗ್ರಹದ ಹವ್ಯಾಸವಿದ್ದವರು. ಆ ಆಟದಲ್ಲಿ 'ಪಾರಸ್' ಎಂಬ ಪುಟ್ಟ ಕೀಟದ ಬೆನ್ನ ಮೇಲೆ ಅಣಬೆಗಳಿವೆ. ಅದು ಬೆಳೆದು 'ಪಾರಸೆಕ್ಟ್' ಆದಾಗ ಅಣಬೆಯೇ ಒಡೆಯ, ಕೀಟ ಬರೀ ದೇಹ. ಇದನ್ನು ಸೂಚಿಸಲು ಕಲಾವಿದರು ಮಾಡಿದ್ದು ಇಷ್ಟೇ: ಕಣ್ಣಿನ ಪಾಪೆಯನ್ನು ಅಳಿಸಿ ಬಿಳಿಯಾಗಿ ಬಿಟ್ಟರು.

ಇದು ಬರಿಯ ಕಲ್ಪನೆಯಲ್ಲ. ಉಷ್ಣವಲಯದ ಕಾಡುಗಳಲ್ಲಿ ಓಫಿಯೊಕಾರ್ಡಿಸೆಪ್ಸ್ ಎಂಬ ಶಿಲೀಂಧ್ರವಿದೆ. ಅದರ ಬೀಜಕಣ ತಗುಲಿದ ಇರುವೆ ಗೂಡು ಬಿಟ್ಟು ಹೊರಡುತ್ತದೆ. ನೆಲದಿಂದ ಕೆಲವೇ ಅಂಗುಲ ಮೇಲಿನ ಎಲೆಯೊಂದರ ಅಡಿಯಲ್ಲಿ ನರವನ್ನು ಕಚ್ಚಿ ಹಿಡಿದು, ಅಲ್ಲೇ ಸಾಯುತ್ತದೆ. ಮುಂದೆ ಅದರ ತಲೆಯ ಹಿಂಭಾಗದಿಂದ ಶಿಲೀಂಧ್ರದ ಕಾಂಡ ಹೊರಟು, ಕೆಳಗೆ ಓಡಾಡುವ ಇರುವೆಗಳ ಮೇಲೆ ಬೀಜಕಣ ಉದುರಿಸುತ್ತದೆ.

2006ರಲ್ಲಿ ಬಿಬಿಸಿಯ 'ಪ್ಲಾನೆಟ್ ಅರ್ಥ್' ಸರಣಿ ಇಂಥ ದೃಶ್ಯವನ್ನು ತೋರಿಸಿತು. ಹಲವು ದಿನಗಳ ಬೆಳವಣಿಗೆಯನ್ನು ಕೆಲವು ಸೆಕೆಂಡುಗಳಿಗೆ ಇಳಿಸಿದಾಗ ಜಡವೆನಿಸಿದ್ದ ಶಿಲೀಂಧ್ರಕ್ಕೆ ಚಲನೆ ಬಂತು. ಕ್ಯಾಲಿಫೋರ್ನಿಯಾದ ನಾಟಿ ಡಾಗ್ ಸಂಸ್ಥೆಗೆ ಸ್ಫೂರ್ತಿ ನೀಡಿದ್ದೂ ಅದೇ. 2013ರಲ್ಲಿ ಬಂದ ಅವರ 'ದ ಲಾಸ್ಟ್ ಆಫ್ ಅಸ್' ಆಟದಲ್ಲಿ ಈ ಶಿಲೀಂಧ್ರ ಮನುಷ್ಯರಿಗೆ ತಗುಲುತ್ತದೆ. 'ಕ್ಲಿಕರ್' ಎಂಬ ಪಾತ್ರದ ತಲೆ ಬಿರಿದು ಅಣಬೆಯ ಪದರಗಳು ಹೊರಬಂದಿವೆ. ಕಣ್ಣಿಲ್ಲದ ಅದು ಬಾವಲಿಯಂತೆ ಸದ್ದು ಮಾಡಿ ದಾರಿ ಹುಡುಕುತ್ತದೆ. ನಟರ ಮೈ ಚಲನೆಯನ್ನು ಸೆರೆಹಿಡಿದು ಪಾತ್ರಗಳಿಗೆ ಅಳವಡಿಸಲಾಯಿತು.

ಇಲ್ಲಿ ನಿಜವೆಷ್ಟು, ಕಲ್ಪನೆಯೆಷ್ಟು? ಇರುವೆಯ ಶಿಲೀಂಧ್ರ ನಿರ್ದಿಷ್ಟ ಜಾತಿಯ ಇರುವೆಗಳಿಗಷ್ಟೇ ಅಂಟುತ್ತದೆ. ಮನುಷ್ಯನ ಮೈಯ ಶಾಖವನ್ನು ಬಹುಪಾಲು ಶಿಲೀಂಧ್ರಗಳು ತಾಳವು. ಆಟದಲ್ಲಿ ಶಿಲೀಂಧ್ರ ಮಿದುಳನ್ನೇ ಆಕ್ರಮಿಸುತ್ತದೆ. ಆದರೆ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಅದು ಇರುವೆಯ ಸ್ನಾಯುಗಳ ಸುತ್ತ ಜಾಲ ಹೆಣೆಯುತ್ತದೆಯೇ ಹೊರತು ಮಿದುಳನ್ನು ಹೊಕ್ಕಿರುವುದಿಲ್ಲ. ವಾಸ್ತವವೇ ಕಲ್ಪನೆಗಿಂತ ವಿಚಿತ್ರ!

ಈ ವ್ಯತ್ಯಾಸ ತಿಳಿದಿರುವುದು ಅಗತ್ಯ. 2021ರಲ್ಲಿ ಕೋವಿಡ್ಡಿನ ಬೆನ್ನಿಗೇ 'ಕಪ್ಪು ಶಿಲೀಂಧ್ರ' ಎಂದು ಕರೆಯಲಾದ ಮ್ಯೂಕರ್‌ಮೈಕೋಸಿಸ್ ಕರ್ನಾಟಕವೂ ಸೇರಿದಂತೆ ದೇಶದೆಲ್ಲೆಡೆ ಕಾಣಿಸಿಕೊಂಡಿತು. ಅದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ. ಹತೋಟಿ ತಪ್ಪಿದ ಮಧುಮೇಹ, ಸ್ಟೀರಾಯ್ಡ್‌ಗಳ ಅತಿಬಳಕೆ ಅದಕ್ಕೆ ದಾರಿ ಮಾಡಿಕೊಟ್ಟಿದ್ದವು. ಹಲವರು ಕಣ್ಣು ಕಳೆದುಕೊಂಡರು. ಆಂಫೊಟೆರಿಸಿನ್-ಬಿ ಔಷಧಿಗಾಗಿ ಮನೆಯವರು ಅಲೆದಾಡಿದರು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಅಪಾಯಕಾರಿಯಾದ 19 ಶಿಲೀಂಧ್ರಗಳ ಪಟ್ಟಿಯನ್ನು ಮೊದಲ ಬಾರಿಗೆ ಪ್ರಕಟಿಸಿತು.

ಪರದೆಯ ಮೇಲಿನ ಶಿಲೀಂಧ್ರ ಅಟ್ಟಿಸಿಕೊಂಡು ಬರುತ್ತದೆ. ನಿಜವಾದದ್ದು ಸದ್ದಿಲ್ಲದೆ, ಮೈಯ ಬಲ ಕುಂದಿದವರನ್ನು ಹಿಡಿಯುತ್ತದೆ. ಅದೇ ವೇಳೆ ಕಾಡಿನ ಮರಗಳ ಬೇರಿಗೆ ನೀರು, ರಂಜಕ ಒದಗಿಸಿ ಸಾಕುವುದೂ ಶಿಲೀಂಧ್ರಗಳೇ. ಆಟ ನೋಡಿ ಬೆರಗಾದ ಮಗು 'ಇದು ನಿಜವೇ?' ಎಂದು ಕೇಳಿದರೆ, ಗದರದೆ ಉತ್ತರ ಹೇಳುವ ಹಿರಿಯರು ಮನೆಯಲ್ಲಿರಬೇಕು.