ಇ.ಸಿ.ಜಿ. ರೇಖೆಯ ವ್ಯತ್ಯಾಸಗಳು: ದಂಪತಿಗಳು ತಿಳಿಯಬೇಕಾದುದು



ಎದೆನೋವೆಂದು ಬಂದವರಿಗೆ ಇ.ಸಿ.ಜಿ. ತೆಗೆದೊಡನೆ ಮನೆಯವರು ಕೇಳುವ ಪ್ರಶ್ನೆ ಒಂದೇ: “ಡಾಕ್ಟರೇ, ಗೆರೆ ಸರಿಯಾಗಿದೆಯೇ?” ಗೆರೆ ಸರಿಯಿದ್ದರೆ ಭಯವಿಲ್ಲ, ವ್ಯತ್ಯಾಸವಿದ್ದರೆ ಹೃದಯಾಘಾತವೇ ಸರಿ ಎಂಬ ಭಾವನೆ ಹಲವರಲ್ಲಿದೆ. ಈ ಎರಡು ಮಾತೂ ಪೂರ್ಣ ಸತ್ಯವಲ್ಲ.

ಹೃದಯದ ಪ್ರತಿಯೊಂದು ಬಡಿತಕ್ಕೂ ಮುನ್ನ ಅದರಲ್ಲಿಯೇ ಹುಟ್ಟಿದ ಅತ್ಯಲ್ಪ ವಿದ್ಯುತ್ತು ಅದರ ಸ್ನಾಯುಗಳಲ್ಲಿ ಹರಿಯುತ್ತದೆ. ಕೈಕಾಲುಗಳಿಗೂ ಎದೆಗೂ ತಂತಿಗಳನ್ನು ಜೋಡಿಸಿ ಇದನ್ನು ಚೌಕಳಿ ಕಾಗದದ ಮೇಲೆ ದಾಖಲಿಸುವುದೇ ಇ.ಸಿ.ಜಿ. ಯಂತ್ರವು ದೇಹದೊಳಕ್ಕೆ ವಿದ್ಯುತ್ತನ್ನು ಹಾಯಿಸುವುದಿಲ್ಲ. ಗರ್ಭಿಣಿಯರೂ ನಿರ್ಭಯವಾಗಿ ಮಾಡಿಸಿಕೊಳ್ಳಬಹುದು. ಈ ರೇಖಾಚಿತ್ರದ ತತ್ತ್ವವನ್ನು ಕಂಡುಹಿಡಿದ ಹಾಲೆಂಡಿನ ಐಂಥೋವೆನ್ ಅವರಿಗೆ 1924ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅಲೆಗಳಿಗೆ ಅವರಿತ್ತ ಪಿ, ಕ್ಯೂ, ಆರ್, ಎಸ್, ಟಿ ಎಂಬ ಹೆಸರುಗಳೇ ಇಂದಿಗೂ ಬಳಕೆಯಲ್ಲಿವೆ.

ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯವು ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100 ಬಾರಿ, ಒಂದೇ ಲಯದಲ್ಲಿ ಬಡಿಯುತ್ತದೆ. ಬಡಿತಗಳ ಅಂತರ ಮನಬಂದಂತೆ ಏರುಪೇರಾಗಿ, ಪಿ ಅಲೆಯೂ ಕಾಣದಿದ್ದರೆ ಹೃದಯದ ಲಯ ತಪ್ಪಿದೆಯೆಂದು ವೈದ್ಯರು ತಿಳಿಯುತ್ತಾರೆ. ಬಾಲ್ಯದಲ್ಲಿ ಕೀಲುಗಳು ಊದಿ ಜ್ವರ ಬಂದು, ಅದರಿಂದ ಹೃದಯದ ಕವಾಟ ಕೆಟ್ಟವರಲ್ಲಿ ಇದು ಕಾಣುವುದುಂಟು. ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಸಾಗಿದರೆ ಪಾರ್ಶ್ವವಾಯು ಉಂಟಾಗುತ್ತದೆ. ಕವಾಟದ ತೊಂದರೆಯುಳ್ಳ ಸ್ತ್ರೀಯು ಗರ್ಭ ಧರಿಸುವ ಮುನ್ನವೇ ತಜ್ಞರ ಸಲಹೆ ಪಡೆಯತಕ್ಕದ್ದು.

ಎಸ್ ಮತ್ತು ಟಿ ಅಲೆಗಳ ನಡುವಣ ಗೆರೆ ಮೇಲೆದ್ದಿದ್ದು, ಎದೆನೋವೂ ಇದ್ದರೆ, ಹೃದಯಕ್ಕೆ ರಕ್ತವೀಯುವ ನಾಳ ಮುಚ್ಚಿಹೋಗಿರಬಹುದು. ಆಗ ಒಂದೊಂದು ನಿಮಿಷವೂ ಅಮೂಲ್ಯ. ತಡವಾದಷ್ಟೂ ಹೃದಯದ ಸ್ನಾಯು ಸಾಯುತ್ತದೆ. ಟಿ ಅಲೆ ತಲೆಕೆಳಗಾಗಿರುವುದು ರಕ್ತದ ಕೊರತೆಯಿಂದಿರಬಹುದು, ಬಹುಕಾಲದ ರಕ್ತದೊತ್ತಡದಿಂದಲೂ ಇರಬಹುದು. ವಾಂತಿಭೇದಿಯಲ್ಲಿ ದೇಹದ ಪೊಟ್ಯಾಸಿಯಂ ಕಳೆದುಹೋದಾಗ ಅದೇ ಅಲೆ ಚಪ್ಪಟೆಯಾಗುತ್ತದೆ. ಆದುದರಿಂದ ರೇಖೆಯೊಂದನ್ನೇ ನೋಡಿ ಎದೆಗುಂದಬಾರದು.

ಇದಕ್ಕಿಂತಲೂ ಮುಖ್ಯವಾದ ಮಾತೊಂದಿದೆ. ಹೃದಯಾಘಾತದ ಆರಂಭದಲ್ಲಿ ಇ.ಸಿ.ಜಿ. ಸರಿಯಾಗಿಯೇ ಕಾಣಬಹುದು. ನೋವು ಮುಂದುವರಿದರೆ ಮತ್ತೆ ಮತ್ತೆ ಇ.ಸಿ.ಜಿ. ತೆಗೆದು, ರಕ್ತಪರೀಕ್ಷೆಯನ್ನೂ ಮಾಡಬೇಕಾಗುತ್ತದೆ. “ಗೆರೆ ಸರಿಯಿದೆಯಲ್ಲ” ಎಂದು ವೈದ್ಯರ ಅನುಮತಿಯಿಲ್ಲದೆ ಮನೆಗೆ ಹಿಂತಿರುಗಬಾರದು.

ಸ್ತ್ರೀಯರಲ್ಲಿ ಎದೆನೋವು ಅಷ್ಟಾಗಿ ಇಲ್ಲದೆ ಉಬ್ಬಸ, ವಾಕರಿಕೆ, ಬೆವರು, ದವಡೆ ಅಥವಾ ಬೆನ್ನುನೋವು ಮಾತ್ರ ಇರಬಹುದು. ಗೃಹಿಣಿಯು ಅದನ್ನು ಗ್ಯಾಸ್ಟ್ರಿಕ್ ಎಂದುಕೊಂಡು, ಹಾಲು ಕರೆದು, ಅಡಿಗೆ ಮುಗಿಸಿ ಮಲಗಿಬಿಡುತ್ತಾಳೆ. ಪತಿಯಾದವನು ಇದನ್ನು ಗಮನಿಸತಕ್ಕದ್ದು. ಓಮದ ಕಷಾಯ ಕುಡಿದು ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡಿ. ಕರ್ನಾಟಕದಲ್ಲಿ 2023ರಲ್ಲಿ ಪ್ರಕಟವಾದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯ ಉದ್ದೇಶವೇ ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು, ದೂರದ ತಜ್ಞರಿಗೆ ತೋರಿಸಿ, ಅಗತ್ಯವಿದ್ದವರಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು. ಈ ಮದ್ದು ಮೊದಲ ಕೆಲವು ಗಂಟೆಗಳಲ್ಲಿಯೇ ಹೆಚ್ಚು ಫಲಕಾರಿ.

ಹಳೆಯ ಇ.ಸಿ.ಜಿ. ಕಾಗದವನ್ನು ಎಸೆಯಬೇಡಿ. ಇಂದು ಕಂಡ ವ್ಯತ್ಯಾಸ ಹೊಸದೋ ಹಳೆಯದೋ ಎಂಬುದನ್ನು ಅದು ಹೇಳುತ್ತದೆ. ಬಿಸಿಲು, ಬಿಸಿ ತಗುಲಿದರೆ ಅದರ ಗೆರೆಗಳು ಮಾಸುತ್ತವೆ. ಆದುದರಿಂದ ನಕಲು ಮಾಡಿಸಿ ರೇಷನ್ ಕಾರ್ಡಿನೊಂದಿಗೆ ಇರಿಸಿ. ಅದಿರುವ ಸ್ಥಳ ಪತಿ ಪತ್ನಿ ಇಬ್ಬರಿಗೂ ತಿಳಿದಿರಲಿ.