ಅಡುಗೆಮನೆಯ ಆರಾಧನೆ

ದೇವರ ಧ್ಯಾನಕ್ಕೊಂದು ಹೊತ್ತು, ಮನೆಗೆಲಸಕ್ಕೊಂದು ಹೊತ್ತು ಎಂದು ನಾವು ನೀವೆಲ್ಲ ದಿನವನ್ನು ಹಂಚಿಕೊಂಡಿದ್ದೇವೆ. ಈ ಹಂಚಿಕೆಯನ್ನು ಒಪ್ಪದೆ ಬಾಳಿದ ಕ್ರೈಸ್ತ ಸಾಧಕನೊಬ್ಬನ ವಿಚಾರವನ್ನು ಈಗ ನಿಮ್ಮ ಮುಂದಿಡುತ್ತೇನೆ.

ಹದಿನೇಳನೆಯ ಶತಮಾನದಲ್ಲಿ, ಲೊರೇನ್ ಪ್ರಾಂತದಲ್ಲಿ ನಿಕೋಲಾ ಎರ್ಮಾನ್ ಎಂಬ ಸಿಪಾಯಿಯಿದ್ದ. ಯುದ್ಧದಲ್ಲಿ ಪೆಟ್ಟು ತಿಂದು ಅವನ ಕಾಲು ಕುಂಟಾಯಿತು. 1640ರಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠವನ್ನು ಸೇರಿ ಸಹೋದರ ಲಾರೆನ್ಸ್ ಎನಿಸಿಕೊಂಡ. ಅಲ್ಲಿ ಅವನ ಪಾಲಿಗೆ ಬಂದದ್ದು ಅಡುಗೆಮನೆ. ಅದು ಅವನ ಸ್ವಭಾವಕ್ಕೆ ಒಗ್ಗದ ಕೆಲಸ. ಆದರೂ ಸುಮಾರು ಹದಿನೈದು ವರ್ಷ ಒಲೆಯ ಮುಂದೆ ನಿಂತ. ಬಾಣಲೆಯಲ್ಲಿ ಆಮ್ಲೆಟ್ಟನ್ನು ಮಗುಚಿಹಾಕುವುದೂ, ನೆಲದ ಮೇಲಿನ ಹುಲ್ಲುಕಡ್ಡಿಯನ್ನು ಎತ್ತುವುದೂ ಅವನಿಗೆ ದೇವರ ಪ್ರೀತಿಗಾಗಿಯೇ. ದ್ರಾಕ್ಷಾರಸ ಕೊಳ್ಳಲು ಬರ್ಗಂಡಿಗೆ ಕಳುಹಿದಾಗ, ದೋಣಿಯಲ್ಲಿ ನಡೆಯಲಾರದೆ ಪೀಪಾಯಿಗಳ ಮೇಲೆ ಉರುಳಿಕೊಂಡು ಹೋದ. ಇದು ದೇವರದೇ ವ್ಯವಹಾರವೆಂದು ಅವನಿಗೇ ಒಪ್ಪಿಸಿ ನಿಶ್ಚಿಂತನಾದ.

ಪ್ರಾರ್ಥನೆಯ ಹೊತ್ತಿಗೂ ಕೆಲಸದ ಹೊತ್ತಿಗೂ ಅವನಲ್ಲಿ ಭೇದವಿರಲಿಲ್ಲ. ತಪ್ಪು ನಡೆದರೆ ಕೊರಗುತ್ತ ಕೂರದೆ, ದೇವರಲ್ಲಿ ಅರಿಕೆಮಾಡಿಕೊಂಡು ಮತ್ತೆ ಕೆಲಸಕ್ಕೆ ತೊಡಗುತ್ತಿದ್ದ. 1691ರಲ್ಲಿ ಅವನು ತೀರಿಕೊಂಡ ಮೇಲೆ, ಅವನ ಮಾತುಗಳನ್ನೂ ಕಾಗದಗಳನ್ನೂ ಬೋಫೋರ್ ಎಂಬ ಪಾದ್ರಿಗಳು ಸಂಗ್ರಹಿಸಿ ಪ್ರಕಟಿಸಿದರು.

ಕಾಯಕವೆಂಬ ಮಾತನ್ನು ಶರಣರಿಂದ ಕೇಳಿದ ನಮಗೆ ಇದು ತೀರ ಹೊಸತೇನಲ್ಲ. ಆದರೂ ಈ ಸಾಧಕನಿಂದ ಕಲಿಯುವುದು ಒಂದುಂಟು. ಒಲಿದ ಕೆಲಸವನ್ನು ದೇವರಿಗೆ ಅರ್ಪಿಸುವುದು ಸುಲಭ. ಒಲ್ಲದ ಕೆಲಸವೇ ಭಕ್ತಿಗೆ ಒರೆಗಲ್ಲು. ನಾಳೆ ಬೆಳಗ್ಗೆ ನಿಮಗೆ ಬೇಸರ ತರುವ ಕೆಲಸ ಯಾವುದೋ, ಅದರಿಂದಲೇ ಮೊದಲು ಮಾಡಿ ನೋಡಿ.