ಆಟಕ್ಕೂ ಸಂಬಳ ಉಂಟೆ? ಮೊದಲ ಹಾಕಿ ಲೀಗ್‌ಗಳ ಕಥೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಕ್ರೀಡಾ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



‘ಕ್ರೀಡೆ ಮತ್ತು ವಿದ್ಯಾರ್ಥಿ ಜೀವನ’ ಎಂಬ ವಿಷಯದ ಮೇಲೆ ನಾಲ್ಕು ಮಾತು ಆಡಿ ಎಂದು ಸಮಿತಿಯವರು ಹೇಳಿದ್ದಾರೆ. ಆಟದಿಂದ ಆರೋಗ್ಯ ಬರುತ್ತದೆ, ಶಿಸ್ತು ಬರುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಅದನ್ನೇ ಮತ್ತೆ ಹೇಳಿ ಮಕ್ಕಳನ್ನು ಬಿಸಿಲಲ್ಲಿ ಕೂರಿಸುವುದಿಲ್ಲ. ತಂದೆ ತಾಯಂದಿರು ಕೇಳುವ ಪ್ರಶ್ನೆಯೇ ಬೇರೆ. ‘ಆಟ ಹೊಟ್ಟೆಗೆ ಹಿಟ್ಟು ಕೊಡುತ್ತದೆಯೇ?’ ಪೀಣ್ಯದ ಕಾರ್ಖಾನೆಯಲ್ಲಿ, ಗಾರ್ಮೆಂಟ್ಸ್‌ನಲ್ಲಿ ದುಡಿದು ಮಗುವನ್ನು ಓದಿಸುವವರು ಈ ಪ್ರಶ್ನೆ ಕೇಳುವುದು ತಪ್ಪಲ್ಲ. ಇದಕ್ಕೆ ಉತ್ತರವಾಗಿ ನಾನು ಹಾಕಿಯ ಕಥೆಯೊಂದನ್ನು ಹೇಳುತ್ತೇನೆ. ಕ್ರಿಕೆಟ್ ಹಣದ ಕಥೆ ಎಲ್ಲರಿಗೂ ಗೊತ್ತು. ಹಾಕಿ ಆಟಗಾರರಿಗೆ ಸಂಬಳ ಬಂದದ್ದು ಹೇಗೆ ಎಂಬುದು ಹೆಚ್ಚು ಜನಕ್ಕೆ ಗೊತ್ತಿಲ್ಲ.

ಕಥೆ ಶುರುವಾಗುವುದು ಬಹಳ ದೂರದಲ್ಲಿ, ಹಿಮ ಬೀಳುವ ಕೆನಡಾದಲ್ಲಿ. ಅಲ್ಲಿಯ ಹಾಕಿ ಹುಲ್ಲಿನ ಮೇಲಲ್ಲ, ಮಂಜುಗಡ್ಡೆಯ ಮೇಲೆ. ಕಾಲಿಗೆ ಉಕ್ಕಿನ ಅಲಗಿನ ಬೂಟು, ಚೆಂಡಿನ ಬದಲು ರಬ್ಬರಿನ ಚಪ್ಪಟೆ ಬಿಲ್ಲೆ. 1898ರಲ್ಲಿ ಆಂಟೇರಿಯೊ ಪ್ರಾಂತ್ಯದ ಬರ್ಲಿನ್ ಎಂಬ ಊರಿನ ತಂಡ ಪಕ್ಕದ ವಾಟರ್‌ಲೂ ತಂಡವನ್ನು ಸೋಲಿಸಿತು. ಊರಿನ ಮೇಯರ್ ಖುಷಿಯಿಂದ ಆಟಗಾರರಿಗೆ ತಲಾ 10 ಡಾಲರಿನ ಚಿನ್ನದ ನಾಣ್ಯ ಕೊಟ್ಟರು. ನಮ್ಮಲ್ಲಿ ಗೆದ್ದ ಹುಡುಗನಿಗೆ ಊರ ಗೌಡರು ಶಾಲು ಹೊದಿಸಿ ಕವರು ಕೊಟ್ಟ ಹಾಗೆ. ಆದರೆ ಅಲ್ಲಿಯ ಹಾಕಿ ಸಂಸ್ಥೆ ಅದನ್ನು ಅಪರಾಧ ಎಂದಿತು. ಹಣ ಮುಟ್ಟಿದವನು ಕ್ರೀಡಾಪಟುವಲ್ಲ ಎಂದು ಇಡೀ ತಂಡವನ್ನೇ ಹೊರಗೆ ಹಾಕಿತು.

ಆ ತಂಡದಲ್ಲಿ ಜಾಕ್ ಗಿಬ್ಸನ್ ಎಂಬ ಯುವಕ ಇದ್ದ. ಆತ ಮುಂದೆ ದಂತವೈದ್ಯನಾಗಿ, ಅಮೆರಿಕದ ಮಿಷಿಗನ್ ರಾಜ್ಯದ ಹೌಟನ್ ಎಂಬ ತಾಮ್ರದ ಗಣಿಯ ಊರಿನಲ್ಲಿ ನೆಲೆಸಿದ. ಗಣಿಯ ಊರೆಂದ ಮೇಲೆ ದುಡ್ಡು ಇರುತ್ತದೆ, ಉದ್ದನೆಯ ಚಳಿಗಾಲ ಇರುತ್ತದೆ, ಸಂಜೆ ಹೊತ್ತು ಆಟ ನೋಡಬೇಕೆನ್ನುವ ಜನ ಇರುತ್ತಾರೆ. ಗಿಬ್ಸನ್ ಅಲ್ಲಿ ಪೋರ್ಟೇಜ್ ಲೇಕ್ಸ್ ಎಂಬ ತಂಡ ಕಟ್ಟಿದ. 1904ರಲ್ಲಿ ಐದು ತಂಡಗಳ ಲೀಗ್ ಆರಂಭವಾಯಿತು. ಆಟಗಾರರಿಗೆ ಮುಚ್ಚುಮರೆ ಇಲ್ಲದೆ ಸಂಬಳ ಕೊಟ್ಟ ಮೊದಲ ಹಾಕಿ ಲೀಗ್ ಅದು. ಮೊದಲ ವರ್ಷ ಪಕ್ಕದ ಇನ್ನೊಂದು ಗಣಿ ಊರು ಕ್ಯಾಲುಮೆಟ್ ಗೆದ್ದಿತು, ಮುಂದಿನ ಎರಡು ವರ್ಷ ಪೋರ್ಟೇಜ್ ಲೇಕ್ಸ್ ಗೆದ್ದಿತು. ‘ಸೈಕ್ಲೋನ್’ ಟೇಲರ್‌ನಂತಹ ದೊಡ್ಡ ಆಟಗಾರರು ಗಡಿ ದಾಟಿ ಬಂದು ಅಲ್ಲಿ ಆಡಿದರು.

ಆ ಲೀಗ್ ಎಷ್ಟು ವರ್ಷ ಬಾಳಿತು ಗೊತ್ತೆ ಮಕ್ಕಳೇ? ಮೂರೇ ಚಳಿಗಾಲ. 1907ಕ್ಕೆ ಮುಗಿಯಿತು. ಆದರೆ ಅದು ಮುಗಿದದ್ದಕ್ಕೆ ಒಂದು ಕಾರಣ ಸ್ವಾರಸ್ಯಕರವಾಗಿದೆ. ಅಷ್ಟರಲ್ಲಿ ಕೆನಡಾದ ತಂಡಗಳೇ ಸಂಬಳ ಕೊಡಲು ಶುರು ಮಾಡಿದ್ದವು. ಆಟಗಾರರು ತಮ್ಮ ಊರಿಗೇ ವಾಪಸು ಹೋದರು. ಲೀಗ್ ಸತ್ತಿತು, ಅದು ಹೇಳಿದ ಮಾತು ಗೆದ್ದಿತು.

ಈಗ ನಮ್ಮ ದೇಶಕ್ಕೆ ಬರೋಣ. ನಮ್ಮ ಹಾಕಿ ಆಟಗಾರರು ಒಲಿಂಪಿಕ್ಸ್‌ನಲ್ಲಿ ಎಂಟು ಚಿನ್ನ ತಂದರು. ಎಂಟನೆಯದು 1980ರಲ್ಲಿ ಮಾಸ್ಕೋದಲ್ಲಿ. ಆ ತಂಡದಲ್ಲಿ ಕೊಡಗಿನ ಎಂ. ಎಂ. ಸೋಮಯ್ಯ ಇದ್ದರು. ಆದರೆ ಆಟವಾಡಿದ್ದಕ್ಕೆಂದೇ ಯಾರಿಗೂ ಸಂಬಳ ಇರಲಿಲ್ಲ. ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಗುತ್ತಿತ್ತು. ರೈಲ್ವೆ, ಪೊಲೀಸ್, ಸೇನೆ, ಬ್ಯಾಂಕು, ಇಂಡಿಯನ್ ಏರ್‌ಲೈನ್ಸ್, ನಮ್ಮ ಬೆಂಗಳೂರಿನಲ್ಲಾದರೆ ಎಚ್‌ಎಎಲ್, ಐಟಿಐ, ಎಂಇಜಿ. ಆ ಕೋಟಾವನ್ನು ಹಗುರವಾಗಿ ಕಾಣಬೇಡಿ. ನೂರಾರು ಮನೆಗಳಲ್ಲಿ ಒಲೆ ಉರಿದದ್ದು ಅದರಿಂದ. ಆದರೂ ಅದು ಗುಮಾಸ್ತನ ಕೆಲಸಕ್ಕೆ ಬಂದ ಸಂಬಳ, ಗೋಲಿಗೆ ಬಂದದ್ದಲ್ಲ.

2005ರ ಜನವರಿಯಲ್ಲಿ ಇದು ಬದಲಾಯಿತು. ಹೈದರಾಬಾದಿನಲ್ಲಿ ಪ್ರೀಮಿಯರ್ ಹಾಕಿ ಲೀಗ್ ಶುರುವಾಯಿತು. ಗಮನಿಸಿ, ಐಪಿಎಲ್ ಬಂದದ್ದು 2008ರಲ್ಲಿ. ಊರಿನ ಹೆಸರಿನ ತಂಡ, ಬಣ್ಣಬಣ್ಣದ ಅಂಗಿ, ಟಿವಿಯಲ್ಲಿ ನೇರ ಪ್ರಸಾರ, ವಿದೇಶಿ ಆಟಗಾರರು, ಇವೆಲ್ಲವನ್ನೂ ಹಾಕಿ ಮೂರು ವರ್ಷ ಮೊದಲೇ ಮಾಡಿ ತೋರಿಸಿತ್ತು. ಮರಾಠಾ ವಾರಿಯರ್ಸ್‌ಗೆ ಧನರಾಜ್ ಪಿಳ್ಳೈ ಆಡಿದರು. ಪಾಕಿಸ್ತಾನದ ಸೊಹೈಲ್ ಅಬ್ಬಾಸ್ ಹೈದರಾಬಾದ್ ತಂಡಕ್ಕೆ ಆಡಿದರು. ನಮ್ಮ ತಂಡ ಬೆಂಗಳೂರು ಲಯನ್ಸ್. ಅರ್ಜುನ್ ಹಾಲಪ್ಪ, ಲೆನ್ ಅಯ್ಯಪ್ಪ ಅವರಂತಹ ಕೊಡಗಿನ ಆಟಗಾರರು ಈ ತಂಡದ ಬಲವಾಗಿದ್ದರು. ಸೋಮವಾರಪೇಟೆಯ ಹಾಲಪ್ಪ ಅದಕ್ಕೆ ಮೊದಲೇ, 2004ರಲ್ಲಿ ಅಥೆನ್ಸ್ ಒಲಿಂಪಿಕ್ಸ್ ಆಡಿ ಬಂದಿದ್ದರು.

ಮೊದಲ ವರ್ಷ ಹೈದರಾಬಾದ್ ಸುಲ್ತಾನ್ಸ್ ಗೆದ್ದಿತು. 2006ರಲ್ಲಿ ಬೆಂಗಳೂರು ಲಯನ್ಸ್ ಗೆದ್ದಿತು. 2007ರಲ್ಲಿ ಒರಿಸ್ಸಾ ಸ್ಟೀಲರ್ಸ್. 2008ರಲ್ಲಿ ಮತ್ತೆ ಬೆಂಗಳೂರು, ಆಗ ತಂಡದ ಹೆಸರು ಹೈ ಫ್ಲೈಯರ್ಸ್. ನಾಲ್ಕು ವರ್ಷದಲ್ಲಿ ಎರಡು ಸಲ ನಮ್ಮ ಊರು ಚಾಂಪಿಯನ್. ಐಪಿಎಲ್‌ನಲ್ಲಿ ಬೆಂಗಳೂರು ಕಪ್ ಎತ್ತಲು 2025ರವರೆಗೆ ಕಾಯಿತಲ್ಲ, ‘ಈ ಸಲ ಕಪ್ ನಮ್ದೆ’ ಎಂದು ನೀವೆಲ್ಲ ಕೂಗಿದಿರಲ್ಲ, ಹಾಕಿಯಲ್ಲಿ ಕಪ್ ಯಾವತ್ತೋ ನಮ್ಮದಾಗಿತ್ತು! ಕೂಗುವವರು ಮಾತ್ರ ಇರಲಿಲ್ಲ.

ಆ ಲೀಗ್ ಆಟದ ರೀತಿಯನ್ನೂ ಬದಲಿಸಿತು. ಆಗೆಲ್ಲ ಹಾಕಿ ಎಂದರೆ 35 ನಿಮಿಷದ ಎರಡು ಅರ್ಧ. ಈ ಲೀಗ್ ಅದೇ 70 ನಿಮಿಷವನ್ನು ಹದಿನೇಳೂವರೆ ನಿಮಿಷದ ನಾಲ್ಕು ಭಾಗ ಮಾಡಿತು. ಆಟಗಾರನಿಗೆ ಉಸಿರು, ಕೋಚ್‌ಗೆ ಮಾತಾಡಲು ಸಮಯ, ಟಿವಿಗೆ ಜಾಹೀರಾತು. 2014ರಲ್ಲಿ ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ ತನ್ನ ಟೂರ್ನಿಗಳಲ್ಲಿ 15 ನಿಮಿಷದ ನಾಲ್ಕು ಕ್ವಾರ್ಟರ್‌ಗಳ ಪದ್ಧತಿ ತಂದಿತು. ಇಂದು ಜಗತ್ತೆಲ್ಲ ನಾಲ್ಕು ಭಾಗದಲ್ಲಿ ಹಾಕಿ ಆಡುತ್ತದೆ. ನಮ್ಮ ಹುಡುಗರು ಅದನ್ನು ಒಂಬತ್ತು ವರ್ಷ ಮೊದಲೇ ಆಡಿದ್ದರು.

ಇಷ್ಟೆಲ್ಲ ಆದರೂ ಆ ಲೀಗ್ ಉಳಿಯಲಿಲ್ಲ. 2008ರ ಮಾರ್ಚ್‌ನಲ್ಲಿ ಚಿಲಿ ದೇಶದ ಸ್ಯಾಂಟಿಯಾಗೊದಲ್ಲಿ ಭಾರತ ಬ್ರಿಟನ್‌ಗೆ 0–2ರಿಂದ ಸೋತಿತು. 1928ರಿಂದ ಒಲಿಂಪಿಕ್ಸ್ ಆಡುತ್ತಲೇ ಬಂದಿದ್ದ ನಮ್ಮ ಹಾಕಿ ತಂಡಕ್ಕೆ ಮೊದಲ ಬಾರಿ ಅರ್ಹತೆ ತಪ್ಪಿತು. ಮುಂದಿನ ತಿಂಗಳೇ ಭಾರತೀಯ ಹಾಕಿ ಫೆಡರೇಷನ್‌ನ ಅಧಿಕಾರ ಹೋಯಿತು. ಲೀಗ್ ಮತ್ತೆ ನಡೆಯಲೇ ಇಲ್ಲ.

2012ರಲ್ಲಿ ಇನ್ನೊಂದು ಪ್ರಯತ್ನ ಆಯಿತು, ವರ್ಲ್ಡ್ ಸೀರೀಸ್ ಹಾಕಿ. ಎಂಟು ತಂಡ, ನಮ್ಮದು ಕರ್ನಾಟಕ ಲಯನ್ಸ್, ನಾಯಕ ಹಾಲಪ್ಪ. ಆದರೆ ಆಗ ದೇಶದ ಹಾಕಿಯನ್ನು ನಡೆಸುತ್ತಿದ್ದ ಹಾಕಿ ಇಂಡಿಯಾ ಇದಕ್ಕೆ ಮಾನ್ಯತೆ ಕೊಡಲಿಲ್ಲ. ಆಟಗಾರರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಯಿತು. ಈ ಕಡೆ ಸಂಬಳದ ಲೀಗ್, ಆ ಕಡೆ ದೇಶದ ಅಂಗಿ ಮತ್ತು ಲಂಡನ್ ಒಲಿಂಪಿಕ್ಸ್. ಕೆಲವರು ಲೀಗ್ ಬಿಟ್ಟು ರಾಷ್ಟ್ರೀಯ ಶಿಬಿರಕ್ಕೆ ಹೋದರು. ಕೆಲವರು ಲೀಗ್‌ನಲ್ಲೇ ಉಳಿದರು. ಯಾರನ್ನೂ ನಾವು ದೂರುವಂತಿಲ್ಲ. ಕ್ರೀಡಾಪಟುವಿನ ದುಡಿಮೆಯ ವಯಸ್ಸು ಹತ್ತು ಹನ್ನೆರಡು ವರ್ಷ ಮಾತ್ರ. ಬರ್ಲಿನ್ ಊರಿನ ಹುಡುಗರಿಗೆ ಚಿನ್ನದ ನಾಣ್ಯ ತಂದಿಟ್ಟ ಸಂಕಟವೇ ನೂರ ಹದಿನಾಲ್ಕು ವರ್ಷದ ನಂತರ ನಮ್ಮ ಹುಡುಗರ ಮನೆ ಬಾಗಿಲಿಗೂ ಬಂತು.

ಮರುವರ್ಷ, 2013ರಲ್ಲಿ, ಹಾಕಿ ಇಂಡಿಯಾ ತಾನೇ ಲೀಗ್ ಶುರು ಮಾಡಿತು. ಆ ಹರಾಜಿನಲ್ಲಿ ಕೊಡಗಿನ ವಿ. ಆರ್. ರಘುನಾಥ್ ಅವರನ್ನು ಉತ್ತರ ಪ್ರದೇಶದ ತಂಡ 76,000 ಡಾಲರಿಗೆ ಕೊಂಡಿತು. ಸೋಮವಾರಪೇಟೆಯ ಎಸ್. ವಿ. ಸುನಿಲ್ ಪಂಜಾಬಿನ ತಂಡ ಸೇರಿದರು. ಒಂದು ಕಾಲದಲ್ಲಿ ಹಣ ಪಡೆದದ್ದಕ್ಕೆ ಹೊರಗೆ ಹಾಕುತ್ತಿದ್ದರು. ಈಗ ಸಂಸ್ಥೆಯೇ ಮುಂದೆ ನಿಂತು ಹರಾಜು ಕೂಗಿತು. ಮಧ್ಯೆ ನಿಂತುಹೋಗಿದ್ದ ಆ ಲೀಗ್ 2024ರ ಡಿಸೆಂಬರಿನಲ್ಲಿ ಮತ್ತೆ ಶುರುವಾಯಿತು. 2025ರ ಜನವರಿಯಲ್ಲಿ ಹೆಣ್ಣುಮಕ್ಕಳಿಗೂ ಲೀಗ್ ಬಂತು. ಇಲ್ಲಿ ಕೂತಿರುವ ಹುಡುಗಿಯರು ಇದನ್ನು ಕಿವಿಗೊಟ್ಟು ಕೇಳಬೇಕು.

ಹಾಗಾದರೆ ತಂದೆ ತಾಯಂದಿರ ಪ್ರಶ್ನೆಗೆ ಉತ್ತರ ಸಿಕ್ಕಿತೆ? ಅರ್ಧ ಸಿಕ್ಕಿತು. ಆಟಕ್ಕೂ ಸಂಬಳ ಉಂಟು. ಅದು ಅವಮಾನವಲ್ಲ, ಅಪರಾಧವಲ್ಲ. ಇದನ್ನು ಸಾಧಿಸಿಕೊಟ್ಟವರು ಮುರಿದುಬಿದ್ದ ಲೀಗ್‌ಗಳಲ್ಲಿ ಆಡಿದ ಮೊದಲ ಆಟಗಾರರು. ಅವರು ನೆಟ್ಟ ಮರದ ಹಣ್ಣನ್ನು ತಿಂದವರು ಬೇರೆಯವರು.

ಇನ್ನರ್ಧ ಉತ್ತರ ಕಹಿಯಾಗಿದೆ. 2016ರಲ್ಲಿ ರಿಯೊ ಒಲಿಂಪಿಕ್ಸ್‌ಗೆ ಹೋದ ಭಾರತದ ಹಾಕಿ ತಂಡದಲ್ಲಿ 16 ಜನ. ಅದರಲ್ಲಿ ನಾಲ್ವರು ನಮ್ಮ ರಾಜ್ಯದವರು: ರಘುನಾಥ್, ಸುನಿಲ್, ಎಸ್. ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ. ಟೋಕಿಯೊದಲ್ಲಿ ಭಾರತಕ್ಕೆ 41 ವರ್ಷಗಳ ನಂತರ ಹಾಕಿ ಪದಕ ಬಂತು, ಕಂಚು. ಆ ತಂಡದಲ್ಲಿ ಕರ್ನಾಟಕದವರು ಎಷ್ಟು ಜನ? ಒಬ್ಬರೂ ಇಲ್ಲ. 2024ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಕಂಚು, ಅಲ್ಲಿಯೂ ಒಬ್ಬರೂ ಇಲ್ಲ. ಟೋಕಿಯೊಗೆ ಮುಂಚೆ ಆ ತಂಡ ಲಾಕ್‌ಡೌನ್ ಕಳೆದದ್ದು ಎಲ್ಲಿ ಗೊತ್ತೆ? ನಮ್ಮ ಜ್ಞಾನಭಾರತಿ ಪಕ್ಕದ ಸಾಯ್ ಕೇಂದ್ರದಲ್ಲಿ. ಇಲ್ಲಿಂದ ನಾಗರಬಾವಿ ಕಡೆಯ ಬಸ್ಸು ಹತ್ತಿದರೆ ಆ ಕಡೆ ತಲುಪುತ್ತೀರಿ. ದೇಶದ ಪದಕ ನಮ್ಮ ಹಿತ್ತಲಲ್ಲೇ ಬೆಳೆಯಿತು, ಬೀಜ ಮಾತ್ರ ನಮ್ಮದಾಗಿರಲಿಲ್ಲ. ಎರಡು ಸಲ ಚಾಂಪಿಯನ್ ಆದ ಬೆಂಗಳೂರಿನ ಹೆಸರಿನಲ್ಲಿ 2013ರಲ್ಲೂ ತಂಡ ಇರಲಿಲ್ಲ, 2024ರಲ್ಲೂ ಇರಲಿಲ್ಲ. ಲೀಗ್ ತಂಡ ಇಲ್ಲದ್ದರಿಂದಲೇ ಆಟಗಾರರು ಕಡಿಮೆಯಾದರು ಎಂದು ನಾನು ಹೇಳಲಾರೆ. ಆದರೆ ಮಗು ಟಿವಿಯಲ್ಲಿ ತನ್ನ ಊರಿನ ಹೆಸರು ಕಂಡಾಗ ಆಸೆ ಹುಟ್ಟುತ್ತದೆ, ಆಸೆ ಹುಟ್ಟಿದಾಗ ಕೈ ಸ್ಟಿಕ್ ಹುಡುಕುತ್ತದೆ. ಇಷ್ಟು ಮಾತ್ರ ಖಂಡಿತ.

ನಾನು ಹೇಳಿದ ಹೆಸರುಗಳನ್ನು ನೋಡಿ, ಹೆಚ್ಚಿನವು ಕೊಡಗಿನವು. ಪುಟ್ಟ ಜಿಲ್ಲೆ. ಅಲ್ಲಿ ಯಾರು ಸಂಬಳ ಕೊಟ್ಟು ಆಡಿಸಿದರು? ಯಾರೂ ಇಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದರು, 60 ಕುಟುಂಬಗಳಿಂದ. 2024ರಲ್ಲಿ 360 ಕುಟುಂಬ ತಂಡಗಳು ಆಡಿದವು. ಅಲ್ಲಿ ಒಕ್ಕವೇ ಕ್ಲಬ್ಬು. ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡ. ಲೀಗ್ ಎಂಬುದು ಹೆಂಚು. ಗೋಡೆ ಎದ್ದ ಮೇಲೆ ತಾನೆ ಹೆಂಚು ಹೊದಿಸುವುದು?

ನಮ್ಮ ನಂದಿನಿ ಲೇಔಟ್‌ನಲ್ಲಿ ಒಕ್ಕ ಎಲ್ಲಿಂದ ತರೋಣ? ಒಬ್ಬರು ತುಮಕೂರಿನವರು, ಒಬ್ಬರು ಮಂಡ್ಯದವರು, ಇನ್ನೊಬ್ಬರು ರಾಯಚೂರಿನಿಂದ ಬಂದವರು. ಎಲ್ಲರ ಮಕ್ಕಳೂ ಒಂದೇ ಕಡೆ ಸೇರುವ ಜಾಗ ಈ ಶಾಲೆ. ಈ ಬಡಾವಣೆಗೆ ಸರ್ಕಾರಿ ಪ್ರೌಢಶಾಲೆಯೇ ಒಕ್ಕ. ಆದ್ದರಿಂದ ಐವತ್ತು ತುಂಬಿದ ಈ ಹೊತ್ತಿನಲ್ಲಿ ನಾನು ಮೂರು ಬೇಡಿಕೆ ಇಡುತ್ತೇನೆ.

ಶಿಕ್ಷಕ ಬಂಧುಗಳಲ್ಲಿ: ಹತ್ತನೇ ತರಗತಿಯ ಮಕ್ಕಳ ಆಟದ ಪಿರಿಯಡ್ಡನ್ನು ಗಣಿತಕ್ಕೂ ವಿಜ್ಞಾನಕ್ಕೂ ತೆಗೆದುಕೊಳ್ಳಬೇಡಿ. ಆಟಗಾರ ಕೈತಪ್ಪುವುದು ಆ ಒಂದು ವರ್ಷದಲ್ಲೇ. ಹಳೆಯ ವಿದ್ಯಾರ್ಥಿಗಳಲ್ಲಿ: ಕಮಾನು ಕಟ್ಟಿಸುವ, ಫಲಕ ಹಾಕಿಸುವ ಉತ್ಸಾಹದಲ್ಲಿ ಒಂದು ಪಾಲನ್ನು ಸ್ಟಿಕ್ಕು, ಚೆಂಡು, ಗೋಲ್‌ಕೀಪರ್ ಪ್ಯಾಡುಗಳಿಗೆ ಇಡಿ; ವಾರಕ್ಕೊಮ್ಮೆಯಾದರೂ ಮಕ್ಕಳನ್ನು ಟರ್ಫ್ ಮೈದಾನಕ್ಕೆ ಕರೆದೊಯ್ಯುವ ಬಸ್ ಖರ್ಚು ವಹಿಸಿ. ಮಣ್ಣಿನ ಮೇಲೆ ಕಲಿತ ಕಾಲಿಗೆ ಟರ್ಫ್ ಹೊಸದು, ಆಯ್ಕೆ ನಡೆಯುವುದು ಟರ್ಫ್ ಮೇಲೆ. ತಂದೆ ತಾಯಂದಿರಲ್ಲಿ: ಮಗು ಆಟದಲ್ಲಿ ಮುಂದಿದ್ದರೆ ‘ಓದು ಅಥವಾ ಆಟ’ ಎಂದು ಎರಡರಲ್ಲಿ ಒಂದನ್ನು ಕೇಳಬೇಡಿ. ಎರಡೂ ಇರಲಿ. ಲೀಗ್‌ಗಳು ಬರುತ್ತವೆ, ಹೋಗುತ್ತವೆ, ನಾವೇ ನೋಡಿದ್ದೇವೆ. ಕೈಯಲ್ಲಿ ಓದು ಇದ್ದವನಿಗೆ ಲೀಗ್ ಮುಚ್ಚಿದ ದಿನವೂ ದಾರಿ ಇರುತ್ತದೆ.

ಮಕ್ಕಳೇ, ನಿಮ್ಮಲ್ಲಿ ಎಲ್ಲರೂ ಒಲಿಂಪಿಕ್ಸ್‌ಗೆ ಹೋಗುವುದಿಲ್ಲ. ಆದರೆ ಬೆಂಗಳೂರಿನ ಹೆಸರಿನಲ್ಲಿ ಮತ್ತೆ ಹಾಕಿ ತಂಡವೊಂದು ಬಂದರೆ, ಅದರ ಆಯ್ಕೆಯ ದಿನ ಈ ಶಾಲೆಯ ಒಂದು ಹುಡುಗಿ, ಒಬ್ಬ ಹುಡುಗ ಸಾಲಿನಲ್ಲಿ ನಿಂತಿರಲಿ. ಅಷ್ಟು ನನ್ನ ಆಸೆ.